ನಿಂಬೆ ಆಗಿಬರದಿದ್ದರೆ: ಎಷ್ಟು ಹೊತ್ತಿಗೆ, ಎಲ್ಲಿ?

ಏಪ್ರಿಲ್ ಬಿಸಿಲಲ್ಲಿ ಬಳ್ಳಾರಿ ಹತ್ತಿರದ ರೂಪನಗುಡಿಯಲ್ಲಿ ಮನೆಗೆ ಯಾರೇ ಬಂದರೂ ಮೊದಲು ಕೈಗೆ ಕೊಡುವುದು ನಿಂಬೆ ಶರಬತ್ತು. ಒಗ್ಗರಣೆ ಮಂಡಕ್ಕಿಯ ಮೇಲೆ ಹಿಂಡುವುದೂ ನಿಂಬೆಯನ್ನೇ. ಜ್ವರದಿಂದ ಎದ್ದವರಿಗೆ ಬಳ್ಳಾರಿಯಿಂದ ತರುವುದು ಮೋಸಂಬಿ. ಇಂಥ ಕಡೆ ಒಬ್ಬರಿಗೆ "ನಿಂಬೆ ಆಗಿಬರೋದಿಲ್ಲ" ಅಂದರೆ ದಿನದ ಊಟವೇ ಬದಲಾಗಬೇಕಾಗುತ್ತದೆ. ಆದರೆ ಆ ಒಂದೇ ಮಾತಿನಲ್ಲಿ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಅವನ್ನು ಬಿಡಿಸಿ ನೋಡಲು ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ಹೊತ್ತಿಗೆ ಶುರುವಾಯಿತು? ಮೈಯಲ್ಲಿ ಎಲ್ಲಿ?

ಅಲರ್ಜಿಯಲ್ಲದ ತೊಂದರೆಗಳು

ಕಿತ್ತಳೆ ತಿಂದ ಮಗುವಿನ ಬಾಯಿಯ ಸುತ್ತ ಮಾತ್ರ ಕೆಂಪಾಗಿ, ತೊಳೆದ ಸ್ವಲ್ಪ ಹೊತ್ತಿಗೆ ಇಳಿದುಹೋದರೆ ಅದು ಬಹುಮಟ್ಟಿಗೆ ಸಿಟ್ರಿಕ್ ಆಮ್ಲದ ಉರಿ. ಎದೆಯುರಿ, ಹುಳಿತೇಗು ಹೊಟ್ಟೆಯ ಆಮ್ಲಕ್ಕೆ ಸೇರಿದ್ದು.

ನಿಂಬೆ ಹಿಂಡಿದ ಕೈಯಲ್ಲೇ ಬಿಸಿಲಿಗೆ ಹೋದವರಿಗೆ ಒಂದೆರಡು ದಿನ ಬಿಟ್ಟು ಚರ್ಮ ಕೆಂಪಾಗಿ, ಬೊಬ್ಬೆ ಎದ್ದು, ಕಂದು ಕಲೆ ವಾರಗಟ್ಟಲೆ ಉಳಿಯಬಹುದು. ಸಿಪ್ಪೆ ಮತ್ತು ರಸದಲ್ಲಿರುವ ಫ್ಯೂರನೊಕೂಮರಿನ್ ಎಂಬ ರಾಸಾಯನಿಕ ಬಿಸಿಲಿನ ನೇರಳಾತೀತ ಕಿರಣದೊಂದಿಗೆ ಕೂಡಿ ಚರ್ಮವನ್ನು ಸುಡುತ್ತದೆ. ಅಲರ್ಜಿ ಇಲ್ಲದವರಿಗೂ ಹೀಗಾಗುತ್ತದೆ. ಮುಖಕ್ಕೆ ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋಗುವುದನ್ನು ದಯವಿಟ್ಟು ಬಿಡಿ.

ತಾಜಾ ನಿಂಬೆ ಆಗಿಬಂದು, ಬಾಟಲಿಯ ರಸ ಕುಡಿದಾಗ ಮಾತ್ರ ಉಬ್ಬಸ ಬಂದರೆ ಲೇಬಲ್ಲಿನಲ್ಲಿ ಐಎನ್‌ಎಸ್ 224 ಎಂದು ಬರೆದಿರುವ ಸಂರಕ್ಷಕದ ಮೇಲೆ ಅನುಮಾನಪಡಬೇಕು. ಕೆಡದಿರಲೆಂದು ಹಾಕುವ ಈ ಸಲ್ಫೈಟ್ ಕೆಲವು ಅಸ್ತಮಾ ರೋಗಿಗಳಿಗೆ ಕಾಟ ಕೊಡುತ್ತದೆ.

ನಿಜವಾದ ಅಲರ್ಜಿ

ಹಣ್ಣಿನ ಪ್ರೋಟೀನಿಗೆ ದೇಹ ಐಜಿಇ ಎಂಬ ಪ್ರತಿಕಾಯ ಮಾಡಿಕೊಂಡಿದ್ದರೆ, ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಹಿಸ್ಟಮಿನ್ ಬಿಡುಗಡೆಯಾಗಿ ಲಕ್ಷಣ ಕಾಣುತ್ತದೆ. ಎರಡು ಪ್ರೋಟೀನುಗಳ ವ್ಯತ್ಯಾಸ ತಿಳಿದಿರಲಿ. ಪ್ರೊಫಿಲಿನ್ ಬೇಯಿಸಿದರೆ, ಹೊಟ್ಟೆಯ ಆಮ್ಲ ತಗುಲಿದರೆ ಒಡೆಯುತ್ತದೆ. ಹಾಗಾಗಿ ತುರಿಕೆ ಸಾಮಾನ್ಯವಾಗಿ ಬಾಯಿ, ತುಟಿ, ಗಂಟಲಲ್ಲೇ ನಿಲ್ಲುತ್ತದೆ. ಎಲ್‌ಟಿಪಿ ಎಂಬುದು ಶಾಖಕ್ಕೂ ಆಮ್ಲಕ್ಕೂ ಜಗ್ಗುವುದಿಲ್ಲ. ಮೈತುಂಬ ಪಿತ್ತಗಂಧೆ, ವಾಂತಿ, ಉಬ್ಬಸದವರೆಗೂ ಹೋಗಬಹುದು. ಬೀಜದ ಪ್ರೋಟೀನು ಬೇರೆಯೇ: ಗೋಡಂಬಿ ಅಲರ್ಜಿ ಇರುವ ಕೆಲವರಿಗೆ ನಿಂಬೆ–ಕಿತ್ತಳೆಯ ರಸ ಆಗಿಬಂದರೂ, ಅದರ ಬೀಜ ಜಗಿದರೆ ತೊಂದರೆಯಾಗುತ್ತದೆ.

ಪರಾಗದಲ್ಲೂ ಪ್ರೊಫಿಲಿನ್ ಇದೆ. ರಸ್ತೆಬದಿ, ಹಳ್ಳದ ದಂಡೆಯಲ್ಲೆಲ್ಲ ಬೆಳೆದುನಿಂತಿರುವ ಬಳ್ಳಾರಿ ಜಾಲಿಯ ಪರಾಗ ಅಲರ್ಜಿ ತರುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಜಾಲಿ ಹೂಬಿಟ್ಟಾಗ ಸೀನು, ಮೋಸಂಬಿ ತಿಂದಾಗ ಬಾಯಿ ತುರಿಕೆ ಎರಡೂ ಇದ್ದರೆ, ಎರಡನ್ನೂ ವೈದ್ಯರಿಗೆ ಹೇಳಿ.

ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಾಳಿ ತಗುಲಿ ಬದಲಾದಾಗ ಸ್ಪರ್ಶದ ಅಲರ್ಜಿ ತರಬಲ್ಲದು. ನಿಂಬೆ ಪರಿಮಳದ ಪಾತ್ರೆ ಸೋಪು ಬಳಸುವವರ ಬೆರಳಲ್ಲಿ ಒಂದೆರಡು ದಿನಕ್ಕೆ ಕಾಣುವ ಇಸುಬಿಗೆ ಇದೂ ಕಾರಣವಿರಬಹುದು.

ಪರೀಕ್ಷೆ ಹೇಗೆ?

ಮೊದಲು ಒಂದು ನೋಟ್‌ಬುಕ್ ಇಡಿ. ತಿಂದದ್ದು ರಸವೋ ಸಿಪ್ಪೆಯೋ ಬೀಜವೋ, ಹಸಿಯೋ ಬೇಯಿಸಿದ್ದೋ, ಎಷ್ಟು ನಿಮಿಷಕ್ಕೆ ಏನಾಯಿತು ಎಂದು ಬರೆಯಿರಿ. ದದ್ದಿನ ಫೋಟೊ ತೆಗೆದಿಡಿ.

ಚುಚ್ಚು ಪರೀಕ್ಷೆಯಲ್ಲಿ ಸೂಜಿಯನ್ನು ತಾಜಾ ಹಣ್ಣಿಗೂ ಆಮೇಲೆ ಮುಂಗೈ ಚರ್ಮಕ್ಕೂ ಚುಚ್ಚಿ 15–20 ನಿಮಿಷ ಕಾಯುತ್ತಾರೆ. 3 ಮಿಲಿಮೀಟರ್ ಅಥವಾ ಹೆಚ್ಚು ಉಬ್ಬಿದರೆ ಪಾಸಿಟಿವ್. ಅಲರ್ಜಿ ಮಾತ್ರೆ ತಿನ್ನುತ್ತಿದ್ದರೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಕೇಳಿ. ರಕ್ತದಲ್ಲಿ ಐಜಿಇ ಅಳೆಯುವುದು ಇನ್ನೊಂದು ದಾರಿ. ಸ್ಪರ್ಶದ ಅಲರ್ಜಿಗೆ ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಯ ನಂತರ ನೋಡುತ್ತಾರೆ. ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಎನ್ನುವಂತಿಲ್ಲ; ನೋಟ್‌ಬುಕ್ಕಿನ ಜೊತೆ ತಾಳೆಯಾಗಬೇಕು. ಸಂಶಯ ಉಳಿದರೆ ಆಸ್ಪತ್ರೆಯಲ್ಲಿ ಚೂರುಚೂರೇ ತಿನ್ನಿಸಿ ನೋಡುತ್ತಾರೆ. ಇದನ್ನು ಮನೆಯಲ್ಲಿ ಮಾಡಲೇಬೇಡಿ. ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದರಿಂದ ಆಹಾರದ ಅಲರ್ಜಿ ತಿಳಿಯುವುದಿಲ್ಲ.

ಅಡುಗೆಮನೆಯಲ್ಲಿ

ಹುಳಿಗೆ ಹುಣಸೆ, ಮಾವಿನಕಾಯಿ, ಪುಂಡಿಸೊಪ್ಪು ಇವೆ; ಬಿಸಿಲಿಗೆ ಮಜ್ಜಿಗೆ ಇದೆ. ಸಿ ಜೀವಸತ್ವಕ್ಕೆ ಚಿಂತೆ ಬೇಡ: 100 ಗ್ರಾಂ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ಇದ್ದರೆ ಪೇರಲದಲ್ಲಿ 200ಕ್ಕೂ ಹೆಚ್ಚು. ನಮ್ಮ 2020ರ ಆಹಾರ ಲೇಬಲ್ ನಿಯಮದಲ್ಲಿ ಅಲರ್ಜಿಕಾರಕವೆಂದು ಕಡ್ಡಾಯವಾಗಿ ಬರೆಯಬೇಕಾದ ಪಟ್ಟಿಯಲ್ಲಿ ಸಲ್ಫೈಟ್ ಇದೆ, ನಿಂಬೆ–ಕಿತ್ತಳೆ ಇಲ್ಲ. ಹಾಗಾಗಿ ಪದಾರ್ಥಗಳ ಸಾಲನ್ನು ಪೂರ್ತಿ ಓದಬೇಕು. ಕಿತ್ತಳೆ ರುಚಿಯ ಓಆರ್‌ಎಸ್ ಪೊಟ್ಟಣವನ್ನೂ ಬಿಡದೆ.

ತುರ್ತು ಬಂದರೆ

ನಾಲಿಗೆ ಊದುವುದು, ದನಿ ಒಡೆಯುವುದು, ಉಬ್ಬಸ, ತಲೆಸುತ್ತಿ ಕುಸಿಯುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಜೀವ ಉಳಿಸುವುದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ಅದರ ಜಾಗ ತುಂಬದು. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಿಗೆ ಕಷ್ಟವಿದ್ದರೆ ಕಾಲು ಚಾಚಿ ಕೂರಿಸಿ. ಎದ್ದು ನಡೆಯಲು ಬಿಡಬೇಡಿ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ.

ಒಮ್ಮೆ ಹೀಗಾದ ಮಗುವಿದ್ದರೆ ಶಾಲೆಯ ಮೇಷ್ಟ್ರಿಗೂ ಅಂಗನವಾಡಿ ಅಕ್ಕನಿಗೂ ಬಾಯಲ್ಲಿ ಹೇಳಿದರೆ ಸಾಲದು. ಯಾವ ಹಣ್ಣು, ಯಾವ ಲಕ್ಷಣ, 108, ಅಪ್ಪ–ಅಮ್ಮನ ಫೋನ್ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.