ಸ್ಟೇಟ್‌ಬ್ಯಾಂಕ್ ಬಸ್ಸಿನ ಬೋರ್ಡೂ ಒಂದು ಪೋಸ್ಟರು

ಮಂಗಳೂರಿನ ಬಿಜೈಯಲ್ಲಿ, ಕೆಎಸ್ಸಾರ್ಟಿಸಿ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲೇ, ಒಂದು ಹಡಗು ನೆಲದ ಮೇಲೆ ನಿಂತಿದೆ. ಬೆಂಗಳೂರಿಗೋ ಧರ್ಮಸ್ಥಳಕ್ಕೋ ಬಸ್ಸು ಹಿಡಿಯುವ ಅವಸರದಲ್ಲಿರುವವರ ಕಣ್ಣು ಅತ್ತ ಹೋಗುವುದು ಅಪರೂಪ. ಶಸ್ತ್ರವೈದ್ಯರಾಗಿದ್ದ ಕರ್ನಲ್ ವಿ. ಆರ್. ಮಿರಜ್‌ಕರ್ ಹಡಗಿನ ಆಕಾರದಲ್ಲಿ ಕಟ್ಟಿಸಿದ ಮನೆ ಅದು. 1955ರಲ್ಲಿ ಅವರು ಅದನ್ನು ಸರ್ಕಾರಕ್ಕೆ ದಾನವಾಗಿ ಕೊಟ್ಟರು. 1960ರಲ್ಲಿ ಅಲ್ಲಿ ಅವರ ತಾಯಿಯ ಹೆಸರಿನ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ತೆರೆಯಿತು. ಒಳಗಿನ ವಿಗ್ರಹ, ನಾಣ್ಯಗಳನ್ನು ನೋಡಲು ಹೋದವರು ಹೊರಗೆ ರಸ್ತೆಯಲ್ಲೇ ಎರಡು ನಿಮಿಷ ನಿಂತು ಕಟ್ಟಡವನ್ನೂ ನೋಡುವುದು ಒಳ್ಳೆಯದು.

ಈ ಮನೆ 1935ರ ಹೊತ್ತಿಗೇ ಇತ್ತು. ಜಗತ್ತೆಲ್ಲ ಹಡಗು, ರೈಲು, ವಿಮಾನಗಳ ಮೋಹದಲ್ಲಿದ್ದ ಕಾಲ ಅದು. ಕುರ್ಚಿ, ರೇಡಿಯೊ, ಸಿನಿಮಾ ಮಂದಿರ ಎಲ್ಲಕ್ಕೂ ಹಡಗಿನ ದುಂಡು ಅಂಚು ಬಂದಿತ್ತು. ಅದೇ 1935ರಲ್ಲಿ ಫ್ರಾನ್ಸಿನ ಕಲಾವಿದ ಕಸಾಂಡ್ರ ‘ನಾರ್ಮಂಡಿ’ ಎಂಬ ಹಡಗಿಗಾಗಿ ಮಾಡಿದ ಪೋಸ್ಟರು ಇವತ್ತಿಗೂ ವಿನ್ಯಾಸ ಕಲಿಯುವವರ ಮೊದಲ ಪಾಠಗಳಲ್ಲಿ ಒಂದು. ಅದರಲ್ಲಿ ಹಡಗಿನ ಉದ್ದ ಕಾಣುವುದಿಲ್ಲ, ಕಿಟಕಿಗಳ ಸಾಲು ಕಾಣುವುದಿಲ್ಲ, ಪ್ರಯಾಣಿಕರೂ ಇಲ್ಲ. ನೀರಿನ ಮಟ್ಟದಲ್ಲಿ ನಿಂತು ತಲೆಯೆತ್ತಿ ನೋಡಿದಂತೆ, ಹಡಗಿನ ಮುಂಭಾಗವೊಂದೇ ಇಡೀ ಹಾಳೆಯನ್ನು ತುಂಬಿದೆ. ಬುಡದಲ್ಲಿ ಕೆಲವು ಪುಟ್ಟ ಹಕ್ಕಿಗಳು. ಆ ಹಕ್ಕಿಗಳಿಲ್ಲದಿದ್ದರೆ ಹಡಗು ಎಷ್ಟು ದೊಡ್ಡದೆಂದು ಗೊತ್ತಾಗುತ್ತಲೇ ಇರಲಿಲ್ಲ.

ಹಳೆಯ ಪ್ರಯಾಣ ಪೋಸ್ಟರುಗಳ ಗುಟ್ಟೆಲ್ಲ ಹೀಗೆ ಬಿಡುವುದರಲ್ಲಿದೆ. ಕಂಡದ್ದರಲ್ಲಿ ಒಂದನ್ನು ಹಿಡಿದು ಉಳಿದದ್ದನ್ನು ಕೈಬಿಡುವುದು. ಈಗಿನ ಗ್ರಾಫಿಕ್ ಡಿಸೈನರುಗಳು ಇವನ್ನು ಹುಡುಕಿ ನೋಡುವುದು ಇದಕ್ಕಾಗಿಯೇ. ಆದರೆ ಈ ವಿದ್ಯೆಯನ್ನು ಕಲಿಯಲು ಪ್ಯಾರಿಸ್, ಲಂಡನ್ನಿನ ಸಂಗ್ರಹಗಳೇ ಬೇಕೆಂದಿಲ್ಲ. ಮಂಗಳೂರಿನಲ್ಲಿ ಸಂಜೆ ಮೀನು ತರಲೋ, ಬೀಚಿಗೋ, ಕದ್ರಿ ಪಾರ್ಕಿಗೋ ಹೊರಟವರ ಕಣ್ಣಿಗೂ ಅದೇ ಪಾಠ ಬೀಳುತ್ತದೆ, ನೋಡುವ ಅಭ್ಯಾಸವಿದ್ದರೆ.

ಪೋಸ್ಟರುಗಳಿಗೆ ಆ ರೂಪ ಬಂದದ್ದು ಕಲಾವಿದರ ಅಭಿರುಚಿಯೊಂದರಿಂದಲೇ ಅಲ್ಲ. ಮುದ್ರಣದ ಕಷ್ಟವೂ ಅದನ್ನು ಕಲಿಸಿತು. ಮ್ಯೂನಿಕ್‌ನ ಅಲೋಯ್ಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಕಲ್ಲಚ್ಚನ್ನು ಕಂಡುಹಿಡಿದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಶಾಯಿ ಉರುಳಿಸಿದರೆ ಜಿಡ್ಡಿರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಬಣ್ಣದ ಪೋಸ್ಟರಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಕಾಗದ ಅಷ್ಟು ಸಲ ಯಂತ್ರಕ್ಕೆ ಹೋಗಬೇಕು. ನಾಲ್ಕೈದು ಬಣ್ಣಗಳಲ್ಲಿ ಕೆಲಸ ಮುಗಿಸುವವನೇ ಜಾಣ. ಹಾಗಾಗಿ ಆಕಾಶ ಒಂದೇ ಹಳದಿಯಾಯಿತು, ಸಮುದ್ರ ಒಂದೇ ನೀಲಿಯಾಯಿತು, ಗುಡ್ಡದ ನೆರಳಿಗೂ ರೈಲಿನ ನೆರಳಿಗೂ ಒಂದೇ ಕಡುಬಣ್ಣ ಸಾಕಾಯಿತು.

ಕಲ್ಲಚ್ಚು ಮಂಗಳೂರಿಗೆ ದೂರದ ವಿಷಯವಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಇದೇ ಊರಿನಲ್ಲಿ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಮುಂದೆ ಮಿಶನ್ನಿನ ಮುದ್ರಣಾಲಯದ ಹೊಣೆ ಹೊತ್ತವರಲ್ಲಿ ಗಿಯೋರ್ಗ್ ಪ್ಲೆಬ್‌ಸ್ಟ್ ಒಬ್ಬರು. ಅವರೇ ಆಮೇಲೆ ಇಲ್ಲಿನ ಆವೆಮಣ್ಣಿನ ಮೇಲೆ ಪ್ರಯೋಗ ಮಾಡಿ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಕ್ಷರದ ಅಚ್ಚಿನ ಕೆಲಸ ತಿಳಿದವರೇ ಮಣ್ಣಿನ ಅಚ್ಚಿಗೂ ಕೈಹಾಕಿದರು ಎಂಬ ಸಂಗತಿ ವಿನ್ಯಾಸದ ಬಗ್ಗೆ ಆಸಕ್ತಿ ಇರುವವರಿಗೆ ಬಹಳ ದೊಡ್ಡದು.

ಹಳೆಯ ಮಂಗಳೂರು ಹಂಚೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೇಲ್ಮೈಯಲ್ಲಿ ಮಳೆನೀರು ಇಳಿಯಲು ಉದ್ದನೆಯ ತಗ್ಗು. ಪಕ್ಕದ ಹಂಚಿನೊಳಗೆ ಕೂರಲು ಅಂಚಿನಲ್ಲಿ ಏಣು. ರೀಪಿಗೆ ಸಿಕ್ಕಿಕೊಳ್ಳಲು ಹಿಂಬದಿಯಲ್ಲಿ ಗುಬುಟು. ಒಂದು ಗೆರೆಯೂ ಅಲಂಕಾರಕ್ಕೆಂದು ಹಾಕಿದ್ದಲ್ಲ, ಆದರೂ ನೋಡಲು ಚೆಂದ. ತಿರುಗಿಸಿದರೆ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರಿನ ಹೆಸರು, ಕೆಲವದರಲ್ಲಿ ಒಂದು ಗುರುತು. ಅಚ್ಚಿನಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆದಿರುತ್ತಾರೆ. ಒತ್ತಿದ ಮಣ್ಣಿನಲ್ಲಿ ಅದು ನೇರವಾಗಿ ಎದ್ದು ನಿಲ್ಲುತ್ತದೆ. ಸುಟ್ಟಾಗ ಮಣ್ಣು ಕುಗ್ಗುವುದರಿಂದ ಸಣ್ಣ ಬಾಲ, ಕುಚ್ಚುಗಳಿಗೆ ಅಲ್ಲಿ ಜಾಗವಿಲ್ಲ. ದಪ್ಪ, ಸರಳ, ಒಂದಕ್ಕೊಂದು ಸಾಕಷ್ಟು ದೂರ ಇರುವ ಅಕ್ಷರಗಳೇ ಬೇಕು. 1868ರಲ್ಲಿ ಆರಂಭವಾದ ಆಲ್ಬುಕರ್ಕ್ ಕಾರ್ಖಾನೆಯ ಹೆಸರನ್ನು ಕರಾವಳಿಯ ಎಷ್ಟೋ ಮಕ್ಕಳು ಮಧ್ಯಾಹ್ನ ಅಂಗಾತ ಮಲಗಿ ಮಾಡು ನೋಡುತ್ತಲೇ ಓದಿದ್ದಾರೆ. ಒಂದು ಊರು ತನ್ನ ಹೆಸರನ್ನು ಇಷ್ಟು ಮನೆಗಳ ತಲೆಯ ಮೇಲೆ ಮುದ್ರಿಸಿದ ಇನ್ನೊಂದು ಉದಾಹರಣೆ ಸುಲಭಕ್ಕೆ ಸಿಗಲಾರದು.

ಇನ್ನು ಬಸ್ಸು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಜನರ ಬಾಯಲ್ಲಿ ಸಿಪಿಸಿ, 1914ರಲ್ಲಿ ಆರಂಭವಾದಂದಿನಿಂದ ಈ ಜಿಲ್ಲೆಯ ರಸ್ತೆಗಳು ಖಾಸಗಿ ಬಸ್ಸುಗಳವು. ಹಂಪನಕಟ್ಟೆಯಿಂದ ಕೆಳಗಿಳಿದು ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಸಂಜೆ ಆರಕ್ಕೆ ನಿಂತರೆ ವಿನ್ಯಾಸದ ಒಂದು ದೊಡ್ಡ ತರಗತಿಯೇ ಎದುರಿಗೆ ಹಾದುಹೋಗುತ್ತದೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜನ ಓಡುತ್ತಾರೆ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಊರುಗಳ ಹೆಸರು ಕೂಗುತ್ತಾನೆ; ಹತ್ತಿದವರಿಗೆ ತುಳುವಿನಲ್ಲಿ “ದುಂಬು ಪೋಲೆ” ಎನ್ನುತ್ತಾನೆ. ಈ ಗದ್ದಲದಲ್ಲಿ ಮುಂಗಾಜಿನ ಬೋರ್ಡು ಕ್ಷಣದಲ್ಲಿ ಓದಿಸಿಕೊಳ್ಳಬೇಕು. ಅದಕ್ಕೇ ದೊಡ್ಡದಾಗಿ ನಂಬರು, ಅದರ ಪಕ್ಕ ಕೊನೆಯ ಊರು, ಇನ್ನೂ ಜಾಗ ಉಳಿದರೆ ನಡುವಿನ ಊರುಗಳು ಸಣ್ಣಕ್ಕೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಈ ನಿರ್ಧಾರವನ್ನು ಡಿಸೈನ್ ಶಾಲೆಗಳಲ್ಲಿ ವಾರಗಟ್ಟಲೆ ಕಲಿಸುತ್ತಾರೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ರೋಮನ್ ಲಿಪಿಯ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ; ಅವನ್ನು ಪಟ್ಟಿಯೊಳಗೆ ಗಿಡಿದು ಕೂರಿಸಬಹುದು. ಯುರೋಪಿನ ಪೋಸ್ಟರುಗಳಲ್ಲಿ ಊರಿನ ಹೆಸರು ಹಾಳೆಯ ಬುಡದಲ್ಲಿ ಗೋಡೆ ಕಟ್ಟಿದಂತೆ ನಿಲ್ಲುವುದು ಹೀಗೆ. ನಮ್ಮಲ್ಲಿ ‘ತಲಪಾಡಿ’ ಹಾಗೆ ನಿಂತೀತು. ‘ಉಳ್ಳಾಲ’, ‘ಸುರತ್ಕಲ್’ ಎಂದು ಬರೆದ ಕೂಡಲೇ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಕೈಬರಹದ ಪೈಂಟರುಗಳು ಇದನ್ನು ತೊಂದರೆ ಎಂದುಕೊಳ್ಳದೆ, ಒತ್ತನ್ನು ತುಸು ದೊಡ್ಡದು ಮಾಡಿ, ಪಕ್ಕದ ಅಕ್ಷರದ ಕೆಳಗೆ ಎಳೆದು, ಅದರಿಂದಲೇ ಬೋರ್ಡಿಗೊಂದು ಲಯ ತರುತ್ತಿದ್ದರು. ಈಗ ರೇಡಿಯಂ ಕಟಿಂಗ್ ಅಂಗಡಿಗಳ ಸ್ಟಿಕ್ಕರು, ಎಲ್‌ಇಡಿ ಪಟ್ಟಿ ಬಂದಿವೆ. ಓದಲು ಅನುಕೂಲವೇ. ಆದರೆ ಆ ಕೈಬರಹದ ಬೋರ್ಡುಗಳನ್ನು ಕಂಡಲ್ಲಿ ಫೋಟೊ ಹಿಡಿದಿಟ್ಟುಕೊಳ್ಳುವುದು ತುರ್ತಿನ ಕೆಲಸ. ಕನ್ನಡದಲ್ಲಿ ಪೋಸ್ಟರಿನ ಅಕ್ಷರ ಹೇಗಿರಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅವುಗಳಲ್ಲಿದೆ.

ಭಾರತದ ಹಳೆಯ ಪ್ರಯಾಣ ಪೋಸ್ಟರುಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. 1920, 30ರ ದಶಕಗಳಲ್ಲಿ ರೈಲ್ವೆಯವರು ‘ವಿಸಿಟ್ ಇಂಡಿಯಾ’, ‘ಸೀ ಇಂಡಿಯಾ’ ಎಂದು ಹೊರತಂದ ಪೋಸ್ಟರುಗಳ ಬಣ್ಣ, ಬೆಳಕು ಅದ್ಭುತ. ಆದರೆ ಅವು ಮಾತಾಡುತ್ತಿದ್ದುದು ಹೆಚ್ಚಾಗಿ ಹೊರಗಿನಿಂದ ಬರುವ ಪ್ರವಾಸಿಯೊಡನೆ. ಹಾಗಾಗಿ ಆನೆ, ಅರಮನೆ, ಗೋಪುರ, ಘಾಟ್. 1907ರಲ್ಲಿ ಮಂಗಳೂರಿಗೆ ಬಂದ ರೈಲಿನಲ್ಲಿ ಬುಟ್ಟಿ ಹಿಡಿದು ಕಾಸರಗೋಡಿಗೆ ಹೋಗುತ್ತಿದ್ದವರು ಆ ಚಿತ್ರಗಳಲ್ಲಿಲ್ಲ. ಇವತ್ತು ‘ವಿಂಟೇಜ್’ ಹೆಸರಿನಲ್ಲಿ ಎರಡು ತೆಂಗಿನಮರ, ಒಂದು ಕೆಂಪು ಸೂರ್ಯ, ಒಂದು ದೋಣಿ ಇಟ್ಟು ಕೆಳಗೆ ‘ಮಂಗಳೂರು’ ಎಂದು ಬರೆದರೆ ಅದೇ ಹೊರಗಿನ ಕಣ್ಣನ್ನು ಸಾಲ ತಂದಂತೆ. ಹೆಸರು ಬದಲಿಸಿದರೆ ಆ ಚಿತ್ರ ಗೋವಾಕ್ಕೂ ಆದೀತು, ಕೋವಳಕ್ಕೂ ಆದೀತು.

ಏರ್ ಇಂಡಿಯಾದ ಮಹಾರಾಜ ಈ ಕಷ್ಟವನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡ. 1946ರಲ್ಲಿ ಕಂಪನಿಯ ಬಾಬಿ ಕೂಕಾ ಮತ್ತು ಜಾಹೀರಾತು ಸಂಸ್ಥೆಯ ಕಲಾವಿದ ಉಮೇಶ್ ರಾವ್ ಸೇರಿ ರೂಪಿಸಿದ ಈ ದಪ್ಪ ಮೀಸೆಯ ಪಾತ್ರ ಪೋಸ್ಟರಿನಿಂದ ಪೋಸ್ಟರಿಗೆ ಆಯಾ ಊರಿನವನೇ ಆಗಿಬಿಡುತ್ತಿದ್ದ. ಅಲ್ಲಿನ ಉಡುಗೆ ತೊಡುತ್ತಿದ್ದ, ಅಲ್ಲಿನ ಕೆಲಸ ಮಾಡುತ್ತಿದ್ದ. ಊರಿನ ಜನರ ಚಲನವಲನವನ್ನು ಗಮನಿಸದೆ ಇಂಥ ಪಾತ್ರ ಬರೆಯಲಾಗದು. ಸೆಂಟ್ರಲ್ ಮಾರುಕಟ್ಟೆಯ ಸುತ್ತ ಮಲ್ಲಿಗೆ ಅಳೆಯುವ ಕೈ, ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವಾಗ ಬಾಗುವ ಬೆನ್ನು, ನವರಾತ್ರಿಯಲ್ಲಿ ಹುಲಿವೇಷದವರ ಹಳದಿ ಮೈಯ ಮೇಲಿನ ಕಪ್ಪು ಪಟ್ಟೆ: ಇವು ಬೇರೆ ಊರಿಗೆ ಹೋಗಿ ಕೂರುವ ಚಿತ್ರಗಳಲ್ಲ.

ಹಳೆಯ ಪೋಸ್ಟರಿನಿಂದ ಕಲಿತು ಮಂಗಳೂರಿನಲ್ಲಿ ಏನು ಮಾಡಬಹುದು? ಕೈಯಲ್ಲೇ ಇರುವ ಒಂದು ಕೆಲಸವೆಂದರೆ ಬಸ್ ನಕ್ಷೆ. ಲಂಡನ್ ಅಂಡರ್‌ಗ್ರೌಂಡ್ ರೈಲಿಗಾಗಿ ಹ್ಯಾರಿ ಬೆಕ್ 1931ರಲ್ಲಿ ಬರೆದ, 1933ರಲ್ಲಿ ಜನರ ಕೈಗೆ ಬಂದ ನಕ್ಷೆಯಲ್ಲಿ ನಿಜವಾದ ದೂರಗಳಿಲ್ಲ. ಮಾರ್ಗಗಳೆಲ್ಲ ನೇರ ಅಥವಾ ಓರೆ ಗೆರೆಗಳು. ನೆಲದ ಮೇಲಿನ ವಸ್ತುಗಳಲ್ಲಿ ಆತ ಉಳಿಸಿದ್ದು ಥೇಮ್ಸ್ ನದಿಯೊಂದನ್ನೇ. ಅದೊಂದಿದ್ದರೆ ಜನರಿಗೆ ತಾವು ಯಾವ ಕಡೆ ಇದ್ದೇವೆಂದು ಗೊತ್ತಾಗುತ್ತದೆ. ಮಂಗಳೂರಿಗೆ ಇಂಥ ಆಧಾರ ಮೂರಿವೆ: ತೆಂಕಣಕ್ಕೆ ನೇತ್ರಾವತಿ, ಬಡಗಣಕ್ಕೆ ಫಲ್ಗುಣಿ, ಪಡುವಣಕ್ಕೆ ಕಡಲು. ಅವುಗಳ ನಡುವೆ ಸ್ಟೇಟ್‌ಬ್ಯಾಂಕಿನಿಂದ ಹೊರಡುವ ಮಾರ್ಗಗಳನ್ನು ಎಳೆದು, ಜ್ಯೋತಿ, ಕಂಕನಾಡಿ, ಪಂಪ್‌ವೆಲ್, ಲಾಲ್‌ಬಾಗ್, ಕೊಟ್ಟಾರದಲ್ಲಿ ಗಂಟು ಹಾಕಿದರೆ ಹೊಸದಾಗಿ ಕಾಲೇಜಿಗೆ ಬಂದವರಿಗೂ ಆಸ್ಪತ್ರೆಗೆ ಬಂದವರಿಗೂ ಉಪಯೋಗವಾಗುವ ಪೋಸ್ಟರು ಸಿದ್ಧ. ಮಹಾಲಸಾ ಚಿತ್ರಕಲಾ ಶಾಲೆಯ ವಿದ್ಯಾರ್ಥಿಗಳಂಥ ಯುವಕಲಾವಿದರು ಇರುವ ಊರಿನಲ್ಲಿ ಇದು ಆಗದ ಕೆಲಸವಲ್ಲ.

ಇನ್ನೊಂದು ಮಾದರಿ ಟಾಮ್ ಪರ್ವಿಸ್ ಎಂಬ ಪೋಸ್ಟರ್ ಕಲಾವಿದನದು. 1931ರಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯ ರೈಲ್ವೆಗಾಗಿ ಆತ ಆರು ಪೋಸ್ಟರು ಮಾಡಿದ. ಗಡಿಗೆರೆಗಳಿಲ್ಲ, ಚಪ್ಪಟೆ ಬಣ್ಣಗಳು ಮಾತ್ರ. ಒಂದೊಂದೂ ಬಿಡಿಯಾಗಿ ಪೂರ್ತಿ, ಆರನ್ನೂ ಸಾಲಾಗಿ ಅಂಟಿಸಿದರೆ ಒಂದೇ ಉದ್ದನೆಯ ಕಡಲತೀರ. ನಮ್ಮ ತೀರದಲ್ಲೂ ತೆಂಕಣದಿಂದ ಬಡಗಣಕ್ಕೆ ಆರು ನಿಲ್ದಾಣ ಸಿಗುತ್ತವೆ: ಬಂಡೆಗಳ ಮೇಲೆ ದೇವಸ್ಥಾನವಿರುವ ಸೋಮೇಶ್ವರ, ಉಳ್ಳಾಲ, ಗಾಳಿಮರಗಳ ತಣ್ಣೀರುಬಾವಿ, ಪಕ್ಕದಲ್ಲೇ ಬಂದರಿನ ಕ್ರೇನುಗಳಿರುವ ಪಣಂಬೂರು, ದೀಪಸ್ತಂಭದ ಸುರತ್ಕಲ್, ಸರ್ಫಿಂಗ್ ಕಲಿಯುವವರ ಸಸಿಹಿತ್ಲು. ಬಣ್ಣಕ್ಕೆ ಹುಡುಕಾಟ ಬೇಡ: ಹಂಚಿನ ಕೆಂಪು, ಮುರಕಲ್ಲಿನ ಕಂದು, ಕಡಲಿನ ಎರಡು ಛಾಯೆ, ಮಳೆಗಾಲದಲ್ಲಿ ದೋಣಿಗೆ ಹೊದಿಸುವ ಟಾರ್ಪಾಲಿನ ನೀಲಿ. ಕಷ್ಟವಿರುವುದು ಎರಡನೆಯ ಮತ್ತು ಮೂರನೆಯ ಚಿತ್ರ ಕೂಡುವಲ್ಲಿ. ಉಳ್ಳಾಲಕ್ಕೂ ತಣ್ಣೀರುಬಾವಿಗೂ ನಡುವೆ ಎರಡು ನದಿಗಳು ಕಡಲು ಸೇರುವ ಅಳಿವೆ ಬಾಗಿಲಿದೆ. ತೀರ ಅಲ್ಲಿ ತುಂಡಾಗುತ್ತದೆ. ಹಳೆಯ ಬಂದರಿನಿಂದ ಬೆಂಗ್ರೆಗೆ ಜನರನ್ನು ದಾಟಿಸುವ ದೋಣಿಯನ್ನು ಎರಡು ಹಾಳೆಗಳ ಅಂಚಿನ ಮೇಲೆಯೇ ಬರೆದು, ಮೂತಿ ಒಂದರಲ್ಲಿ, ಹಿಂಭಾಗ ಇನ್ನೊಂದರಲ್ಲಿ ಬರುವಂತೆ ಮಾಡಿದರೆ ಆ ತುಂಡು ಕೂಡಿಕೊಳ್ಳುತ್ತದೆ.