ಬಾಂಬರ್ ಕಥೆಯೊಳಗೆ ಗೂಢಚಾರ ನುಸುಳಿದ್ದು ಹೇಗೆ?

ಬಾಂಬರ್ ವಿಮಾನ ಹಾರುವುದು ಇಪ್ಪತ್ತೈದು ಸಾವಿರ ಅಡಿ ಎತ್ತರದಲ್ಲಿ. ಗೂಢಚಾರನ ಕೆಲಸ ನೆಲದ ಮೇಲೆ, ಸಂದಿಗೊಂದಿಗಳಲ್ಲಿ. ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವೇ ಇಲ್ಲ. ಆದರೂ ಎರಡನೇ ಮಹಾಯುದ್ಧದ ಬಾಂಬರ್ ಸಿಬ್ಬಂದಿಯ ಕಥೆ ಹೇಳುವ ಟಿ.ವಿ. ಧಾರಾವಾಹಿ ನೋಡಲು ಕೂತರೆ, ಕೆಲವು ಕಂತು ಕಳೆಯುವುದರೊಳಗೆ ಶತ್ರುವಿನ ಗೂಢಚಾರನೊಬ್ಬ ಹಾಜರಾಗುತ್ತಾನೆ. ಪೈಲಟ್‌ಗಳ ನಡುವೆಯೇ ಕೂತಿರುತ್ತಾನೆ, ಅವರದೇ ಸಮವಸ್ತ್ರ ತೊಟ್ಟಿರುತ್ತಾನೆ, ಅವರದೇ ಇಂಗ್ಲಿಷ್ ಆಡುತ್ತಾನೆ.

ಈ ಜೋಡಿ ಕೂಡಿಬಂದದ್ದು ಹೇಗೆ ಎಂದು ಹುಡುಕಿಕೊಂಡು ಹೋದರೆ ಮೂರು ದಾರಿಗಳು ಸಿಗುತ್ತವೆ. ಒಂದು, ಸ್ಟುಡಿಯೊಗಳ ಲೆಕ್ಕಾಚಾರ. ಇನ್ನೊಂದು, ಯುದ್ಧಕಾಲದ ಗಾಳಿಸುದ್ದಿ. ಮೂರನೆಯದು ಮಾತ್ರ ನಿಜವಾಗಿ ನಡೆದದ್ದು. ಅದು ನಡೆದದ್ದು ಬ್ರಸೆಲ್ಸ್‌ನ ಒಂದು ಮನೆಯಲ್ಲಿ.

ಲೇಖನ, ಕಾದಂಬರಿ, ಸಿನಿಮಾ

1943ರ ಆಗಸ್ಟ್ 17ರಂದು ಅಮೆರಿಕದ ಎಂಟನೇ ವಾಯುಪಡೆ ಜರ್ಮನಿಯ ರೇಗನ್ಸ್‌ಬರ್ಗ್ ಮತ್ತು ಶ್ವೈನ್‌ಫರ್ಟ್ ನಗರಗಳ ಕಾರ್ಖಾನೆಗಳ ಮೇಲೆ ಒಂದೇ ದಿನ ದಾಳಿ ಮಾಡಿತು. ಇಂಗ್ಲೆಂಡಿನಿಂದ ಹೊರಟ 376 ಬಿ-17 ಬಾಂಬರ್‌ಗಳಲ್ಲಿ 60 ಮರಳಲಿಲ್ಲ. ಒಂದೊಂದರಲ್ಲಿ ಹತ್ತು ಜನ. 100ನೇ ಬಾಂಬರ್ ಗುಂಪೊಂದೇ ಒಂಬತ್ತು ವಿಮಾನ ಕಳೆದುಕೊಂಡಿತು. ಆ ಗುಂಪಿನ ವಿಮಾನವೊಂದರಲ್ಲಿ ವೀಕ್ಷಕನಾಗಿ ಕೂತಿದ್ದ ಅಧಿಕಾರಿ ಬರ್ನ್ ಲೇ ಜೂನಿಯರ್ ಬದುಕಿ ಬಂದು, ಕಂಡದ್ದನ್ನೆಲ್ಲ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಗೆ ಬರೆದರು. ಯುದ್ಧ ಮುಗಿದ ಮೇಲೆ ಚಿತ್ರಕಥೆಗಾರ ಸೈ ಬಾರ್ಟ್ಲೆಟ್ ಜೊತೆ ಸೇರಿ 1948ರಲ್ಲಿ ‘ಟ್ವೆಲ್ವ್ ಓ’ಕ್ಲಾಕ್ ಹೈ’ ಎಂಬ ಕಾದಂಬರಿ ತಂದರು. ಅವರು ಮಾದರಿಯಾಗಿ ಇಟ್ಟುಕೊಂಡದ್ದು 306ನೇ ಬಾಂಬರ್ ಗುಂಪನ್ನು. ಆ ಸಂಖ್ಯೆಯನ್ನು ಮೂರರಿಂದ ಗುಣಿಸಿ ಕಾದಂಬರಿಯ ಗುಂಪಿಗೆ 918 ಎಂದು ಹೆಸರಿಟ್ಟರು.

ಮರುವರ್ಷವೇ ಹೆನ್ರಿ ಕಿಂಗ್ ನಿರ್ದೇಶನದಲ್ಲಿ ಸಿನಿಮಾ ಬಂತು. ಜನರಲ್ ಸ್ಯಾವೇಜ್ ಪಾತ್ರದಲ್ಲಿ ಗ್ರೆಗರಿ ಪೆಕ್. ಈ ಚಿತ್ರದಲ್ಲಿ ಗೂಢಚಾರರ ಬೆನ್ನಟ್ಟುವ ಕಥೆಯಿಲ್ಲ. ಅದರ ವಿಷಯ ದಣಿವು: ದಿನವೂ ಹುಡುಗರನ್ನು ಸಾವಿಗೆ ಕಳಿಸುವ ಸೇನಾಧಿಕಾರಿ ಒಳಗೊಳಗೇ ಹೇಗೆ ಕುಸಿಯುತ್ತಾನೆ ಎಂಬುದು. ಆದರೆ ಬೀಜ ಬಿದ್ದದ್ದು ಇಲ್ಲೇ. ಒಂದು ದೃಶ್ಯದಲ್ಲಿ ಕ್ಲಬ್ಬಿನ ರೇಡಿಯೊದಿಂದ ‘ಲಾರ್ಡ್ ಹಾ-ಹಾ’ನ ದನಿ ಕೇಳಿಸುತ್ತದೆ. ಜರ್ಮನಿಯ ಪರವಾಗಿ ಇಂಗ್ಲಿಷಿನಲ್ಲಿ ಪ್ರಚಾರ ಮಾಡುತ್ತಿದ್ದ ಆ ದನಿ 918ನೇ ಗುಂಪನ್ನೇ ಹೆಸರಿಟ್ಟು ಅಣಕಿಸುತ್ತದೆ. ಕೂತು ಕೇಳುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇವನಿಗೆ ನಮ್ಮ ವಿಷಯ ಹೇಳುತ್ತಿರುವವರು ಯಾರು?

ವಾರಕ್ಕೊಂದು ಕಥೆ ಬೇಕು

1964ರ ಸೆಪ್ಟೆಂಬರ್‌ನಲ್ಲಿ ಇದೇ ಹೆಸರಿನ ಟಿ.ವಿ. ಧಾರಾವಾಹಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ನಿರ್ಮಾಣ ಕ್ವಿನ್ ಮಾರ್ಟಿನ್ ಅವರದು. 1967ರ ಜನವರಿವರೆಗೆ 78 ಕಂತುಗಳು ನಡೆದವು.

ಸಿನಿಮಾಕ್ಕೆ ಒಂದು ಕಥೆ ಸಾಕು, ಧಾರಾವಾಹಿಗೆ ವಾರಕ್ಕೊಂದು ಬೇಕು. ಬಾಂಬರ್ ದಾಳಿ ಎಂಬುದಾದರೂ ಏನು? ಮೇಲೇರುವುದು, ಸಾಲುಗೂಡುವುದು, ವಿಮಾನನಿರೋಧಕ ಗುಂಡುಗಳ ನಡುವೆ ನುಗ್ಗುವುದು, ಬಾಂಬು ಬೀಳಿಸುವುದು, ಉಳಿದವರು ವಾಪಸಾಗುವುದು. ಹತ್ತು ಸಲ ತೋರಿಸಿದರೆ ಹನ್ನೊಂದನೆಯದು ಸಪ್ಪೆ. ಬಿ-17ರ ಒಳಗೆ ಮೈನಸ್ ನಲವತ್ತು ಡಿಗ್ರಿ ಚಳಿ. ಎಲ್ಲರ ಮುಖಕ್ಕೂ ಆಮ್ಲಜನಕದ ಮುಖವಾಡ. ಹತ್ತೂ ಜನ ಬೇರೆ ಬೇರೆ ಮೂಲೆಗಳಲ್ಲಿ ಕೂತು ಇಂಟರ್‌ಕಾಮ್‌ನಲ್ಲಿ ಮಾತಾಡುತ್ತಾರೆ. ನಟನ ಮುಖವೇ ಕಾಣದಿದ್ದರೆ ನಾಟಕ ಮಾಡುವುದು ಹೇಗೆ?

ಖರ್ಚಿನ ತಾಪತ್ರಯ ಬೇರೆ. ಯುದ್ಧ ಮುಗಿಯುತ್ತಿದ್ದಂತೆ ಸಾವಿರಾರು ಬಾಂಬರ್‌ಗಳು ಗುಜರಿಗೆ ಹೋಗಿದ್ದವು. ಸಿನಿಮಾಕ್ಕೆ ಅಮೆರಿಕದ ವಾಯುಪಡೆಯೇ ವಿಮಾನ ಕೊಟ್ಟಿತ್ತು. ಟಿ.ವಿ.ಯವರು ಕ್ಯಾಲಿಫೋರ್ನಿಯಾದ ಚಿನೋ ವಿಮಾನ ನಿಲ್ದಾಣದಲ್ಲಿ ಬಿ-17 ಒಂದನ್ನು ನೆಲದ ಮೇಲೆ ಓಡಾಡಿಸಿ, ಆಕಾಶದ ಕಾಳಗಕ್ಕೆ ಯುದ್ಧಕಾಲದ ಹಳೆಯ ಫಿಲ್ಮ್ ತುಣುಕುಗಳನ್ನು ಅಂಟಿಸಿದರು. ಮೂರನೇ ವರ್ಷ ಧಾರಾವಾಹಿ ಬಣ್ಣಕ್ಕೆ ತಿರುಗಿದಾಗ ಕಪ್ಪು-ಬಿಳುಪು ತುಣುಕುಗಳನ್ನು ಹೊಂದಿಸುವ ಕಷ್ಟವೂ ಸೇರಿಕೊಂಡಿತು.

ಇಲ್ಲಿ ಬೆಂಗಳೂರಿನ ಮಾತೊಂದನ್ನು ಹೇಳಲೇಬೇಕು. ಅಮೆರಿಕನ್ನರು ಕಾನ್ಪುರದಲ್ಲಿ ಗುಜರಿಯಾಗಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿ ಬೆಂಗಳೂರಿಗೆ ತಂದು, ಪೂರ್ತಿ ಸರಿಪಡಿಸಿ 1948ರಿಂದ ಭಾರತೀಯ ವಾಯುಪಡೆಗೆ ಒಪ್ಪಿಸಿದ್ದು ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಇಪ್ಪತ್ತು ವರ್ಷ, 1968ರವರೆಗೆ, ಅವು ಇಲ್ಲಿ ದುಡಿದವು. ನಿವೃತ್ತಿಯಾದ ಮೇಲೆ ಅವುಗಳಲ್ಲಿ ಕೆಲವು ಬ್ರಿಟನ್, ಅಮೆರಿಕ, ಕೆನಡಾಗಳ ಸಂಗ್ರಹಾಲಯಗಳಿಗೆ ಹೋದವು. ಜಗತ್ತಿನಲ್ಲಿ ಇಂದು ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳ ಪೈಕಿ ಹಲವಕ್ಕೆ ಬೆಂಗಳೂರಿನ ಮೆಕ್ಯಾನಿಕ್‌ಗಳ ಕೈ ತಾಗಿದೆ.

ಹಾಲಿವುಡ್‌ಗೆ ಅಂಥ ವ್ಯವಧಾನ ಇರಲಿಲ್ಲ. ವಿಮಾನ ಮೇಲೇರಿಸುವುದು ದುಬಾರಿಯಾದಾಗ ಕಥೆಯೇ ನೆಲಕ್ಕಿಳಿಯಿತು. ಪೈಲಟ್ ಶತ್ರುನೆಲದಲ್ಲಿ ಸಿಕ್ಕಿಬಿದ್ದ. ಲಂಡನ್‌ನಲ್ಲಿ ಪರಿಚಯವಾದ ಹೆಂಗಸು ಯಾರ ಕಡೆಯವಳೋ ಎಂಬ ಅನುಮಾನ. ಗುರಿಯ ಗುಟ್ಟು ಹೊರಬಿತ್ತು. ಹೀಗೆ ಬಂದವನೇ ಗೂಢಚಾರ. ಅವನಿಗೆ ಬೇಕಾದದ್ದು ಒಂದು ಕೋಣೆ, ಇಬ್ಬರು ನಟರು, ಒಂದು ದೀಪ. ಬಜೆಟ್ಟಿಗೂ ಹಿತ, ಕುತೂಹಲಕ್ಕೂ ಮೋಸವಿಲ್ಲ.

ಹೊಸತನದ ಹಸಿವು ಎಷ್ಟಿತ್ತೆಂದರೆ, ಒಂದು ವರ್ಷ ಕಳೆಯುತ್ತಲೇ ನಾಯಕ ಜನರಲ್ ಸ್ಯಾವೇಜ್‌ನನ್ನೇ ಕಥೆಯಲ್ಲಿ ಕೊಂದುಹಾಕಿದರು. ಆ ಪಾತ್ರ ಮಾಡುತ್ತಿದ್ದ ರಾಬರ್ಟ್ ಲ್ಯಾನ್ಸಿಂಗ್ ಜಾಗಕ್ಕೆ ಎಳೆಯ ಮುಖ ಬೇಕೆಂದು ಪಾಲ್ ಬರ್ಕ್ ಅವರನ್ನು ತಂದರು. ತಮಾಷೆಯೆಂದರೆ, ವಯಸ್ಸಿನಲ್ಲಿ ಬರ್ಕ್ ಅವರೇ ಎರಡು ವರ್ಷ ದೊಡ್ಡವರು.

ಗಡಿಯಾರದ ಗಾಳಿಸುದ್ದಿ

ಕಥೆಗಾರರು ಇದನ್ನೆಲ್ಲ ಶೂನ್ಯದಿಂದ ಹುಟ್ಟಿಸಲಿಲ್ಲ. ಯುದ್ಧಕಾಲದ ಬ್ರಿಟನ್ನಿನಲ್ಲಿ ಗೂಢಚಾರರ ಭಯ ಮನೆಮನೆಯಲ್ಲೂ ಇತ್ತು. ‘ನಮ್ಮೂರಿನ ಗಡಿಯಾರ ಹತ್ತು ನಿಮಿಷ ಹಿಂದಿದೆ ಎಂದು ನಿನ್ನೆ ರಾತ್ರಿ ಹಾ-ಹಾ ಹೇಳಿದನಂತೆ’ ಎಂಬ ಸುದ್ದಿ ಊರಿಂದೂರಿಗೆ ಹಬ್ಬುತ್ತಿತ್ತು. ಸರ್ಕಾರ ವಿಚಾರಿಸಿ ನೋಡಿದಾಗ ಅಂಥ ಪ್ರಸಾರ ನಡೆದದ್ದಕ್ಕೆ ಆಧಾರ ಸಿಗಲಿಲ್ಲ. ಸ್ವಂತ ಕಿವಿಯಿಂದ ಕೇಳಿದವರು ಯಾರೂ ಇರಲಿಲ್ಲ, ಕೇಳಿದವರಿಂದ ಕೇಳಿದವರು ಮಾತ್ರ ಬೇಕಾದಷ್ಟಿದ್ದರು.

ವಿಮಾನಪಡೆಯವರ ಅನುಮಾನಕ್ಕೆ ಕಾರಣವೂ ಇತ್ತು. ಇವರು ಜರ್ಮನಿ ತಲುಪುವ ಹೊತ್ತಿಗೆ ಫೈಟರ್ ವಿಮಾನಗಳು ಕಾದು ನಿಂತಿರುತ್ತಿದ್ದವು. ಯಾರೋ ಪಬ್ಬಿನಲ್ಲಿ ಬಾಯಿಬಿಟ್ಟಿರಬೇಕು ಎಂದುಕೊಳ್ಳುವುದು ಸಹಜ. ಗುಟ್ಟು ರಟ್ಟಾಗುತ್ತಿದ್ದದ್ದು ಬೇರೆ ದಾರಿಯಲ್ಲಿ. ಹೊರಡುವ ಮುನ್ನ ಪ್ರತಿ ವಿಮಾನದ ರೇಡಿಯೊ ಪರೀಕ್ಷೆಯಾಗಬೇಕಿತ್ತು. ಆ ಸದ್ದನ್ನು ಜರ್ಮನ್ನರ ಆಲಿಸುವ ಕೇಂದ್ರಗಳು ಕಡಲಾಚೆಯಿಂದಲೇ ಹಿಡಿಯುತ್ತಿದ್ದವು. ಆಮೇಲೆ ನೂರಾರು ವಿಮಾನಗಳು ಇಂಗ್ಲೆಂಡಿನ ಮೇಲೆ ಸುತ್ತುಹಾಕಿ ಸಾಲುಗೂಡಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ರೇಡಾರ್ ಅವನ್ನು ಕಂಡಾಗಿರುತ್ತಿತ್ತು. ಇಷ್ಟೆಲ್ಲ ಇರುವಾಗ ಪಬ್ಬಿನಲ್ಲಿ ಕಿವಿಗೊಟ್ಟು ಕೂರುವವನ ಅಗತ್ಯವೇನು?

ಹಾಗಾದರೆ ಬ್ರಿಟನ್ನಿನಲ್ಲಿ ಜರ್ಮನ್ ಗೂಢಚಾರರು ಇರಲೇ ಇಲ್ಲವೇ? ಇದ್ದರು, ಆದರೆ ಬ್ರಿಟಿಷರ ಹಿಡಿತದಲ್ಲಿ. ಜರ್ಮನಿ ಕಳಿಸಿದವರಲ್ಲಿ ಬಹುತೇಕ ಎಲ್ಲರನ್ನೂ ಬ್ರಿಟಿಷ್ ಭದ್ರತಾ ಸಂಸ್ಥೆ ಎಂಐ5 ಹಿಡಿದು, ಅವರಲ್ಲಿ ಹಲವರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಅವರ ಕೈಯಿಂದಲೇ ಬರ್ಲಿನ್‌ಗೆ ಸುಳ್ಳು ವರದಿ ಕಳಿಸುತ್ತಿತ್ತು. ಸ್ಪೇನ್‌ನ ಹುವಾನ್ ಪುಜೋಲ್ ತನ್ನ ಕೈಕೆಳಗೆ 27 ಸಹಾಯಕರಿದ್ದಾರೆಂದು ಜರ್ಮನ್ನರನ್ನು ನಂಬಿಸಿದ್ದ. ಅವರಲ್ಲಿ ಒಬ್ಬನೂ ಹುಟ್ಟಿರಲೇ ಇಲ್ಲ. ಜರ್ಮನಿಯ ಐರನ್ ಕ್ರಾಸ್ ಪದಕ, ಬ್ರಿಟನ್ನಿನ ಎಂಬಿಇ ಗೌರವ ಎರಡೂ ಅವನಿಗೆ ಸಂದವು.

ಬಾಂಬರ್‌ಗಳಿಗೆ ನೇರ ಸಂಬಂಧಿಸಿದ್ದು ಎಡ್ಡಿ ಚಾಪ್‌ಮನ್‌ನ ಪ್ರಸಂಗ. ಆತ ತಿಜೋರಿ ಒಡೆಯುವ ಕಳ್ಳ. ಹ್ಯಾಟ್‌ಫೀಲ್ಡ್‌ನಲ್ಲಿ ಮಸ್ಕಿಟೊ ವಿಮಾನ ತಯಾರಿಸುತ್ತಿದ್ದ ಡಿ ಹ್ಯಾವಿಲ್ಯಾಂಡ್ ಕಾರ್ಖಾನೆಯನ್ನು ಸ್ಫೋಟಿಸಬೇಕೆಂದು ಜರ್ಮನ್ನರು ಅವನನ್ನು 1942ರ ಡಿಸೆಂಬರ್‌ನಲ್ಲಿ ಪ್ಯಾರಾಚೂಟ್ ಕಟ್ಟಿ ಇಳಿಸಿದರು. ಇಳಿದವನೇ ಬ್ರಿಟಿಷರ ಮುಂದೆ ಹಾಜರಾದ. 1943ರ ಜನವರಿ ಕೊನೆಯ ಒಂದು ರಾತ್ರಿ ಕಾರ್ಖಾನೆಯ ವಿದ್ಯುತ್ ಘಟಕದ ಮೇಲೆ ಬಣ್ಣ ಬಳಿದ ಟಾರ್ಪಾಲು ಹೊದಿಸಿ, ಮರದಲ್ಲಿ ಮಾಡಿದ ಮುರುಕು ಯಂತ್ರಗಳನ್ನು ಉರುಳಿಸಿ, ಸುತ್ತ ಇಟ್ಟಿಗೆ ಚೂರು ಚೆಲ್ಲಿದರು. ಮೇಲಿನಿಂದ ಫೋಟೊ ತೆಗೆದ ಜರ್ಮನ್ ವಿಮಾನಕ್ಕೆ ಎಲ್ಲ ಸುಟ್ಟುಹೋದಂತೆ ಕಾಣಬೇಕು, ಅಷ್ಟೆ. ಯಾವ ಧಾರಾವಾಹಿಯ ಕಲಾ ವಿಭಾಗಕ್ಕೂ ಕಡಿಮೆಯಿಲ್ಲದ ಸೆಟ್ ಅದು.

ಗೂಢಚಾರರನ್ನು ತಿರುಗಿಸಿಕೊಳ್ಳುವ ಈ ಇಡೀ ಕಾರ್ಯಾಚರಣೆಯ ಸಮಿತಿಯ ಅಧ್ಯಕ್ಷರಾಗಿದ್ದ ಆಕ್ಸ್‌ಫರ್ಡ್ ಅಧ್ಯಾಪಕ ಜೆ.ಸಿ. ಮಾಸ್ಟರ್‌ಮನ್ ಅದರ ವಿವರಗಳನ್ನು ಪುಸ್ತಕವಾಗಿ ಹೊರತಂದದ್ದು 1972ರಲ್ಲಿ. ಅಷ್ಟರಲ್ಲಿ ಟಿ.ವಿ.ಯ ಜನರಲ್ ಸ್ಯಾವೇಜ್ ಸತ್ತು ಏಳು ವರ್ಷವಾಗಿತ್ತು. ಅರವತ್ತರ ದಶಕದ ಚಿತ್ರಕಥೆಗಾರರ ಕೈಯಲ್ಲಿದ್ದದ್ದು ಹೆಚ್ಚಾಗಿ ಗಾಳಿಸುದ್ದಿಯೇ. ಅವರು ಅದನ್ನೇ ಬರೆದರು.

ಬ್ರಸೆಲ್ಸ್‌ನ ಅತಿಥಿಗಳು

ನಿಜವಾದ ಗೂಢಚಾರ ಇದ್ದದ್ದು ಕಡಲಿನ ಆಚೆ ದಡದಲ್ಲಿ. ವಿಮಾನ ಉರುಳಿ ಪ್ಯಾರಾಚೂಟಿನಲ್ಲಿ ಬೆಲ್ಜಿಯಂಗೋ ಫ್ರಾನ್ಸಿಗೋ ಇಳಿದ ಹುಡುಗರನ್ನು ಅಲ್ಲಿನ ಜನ ಮನೆಗಳಲ್ಲಿ ಬಚ್ಚಿಟ್ಟು, ನಕಲಿ ಗುರುತುಪತ್ರ ಕೊಟ್ಟು, ರೈಲು ಹತ್ತಿಸಿ, ಪಿರೆನೀಸ್ ಬೆಟ್ಟ ದಾಟಿಸಿ ಸ್ಪೇನ್‌ಗೆ ಮುಟ್ಟಿಸುತ್ತಿದ್ದರು. ‘ಕಾಮೆಟ್’ ಹೆಸರಿನ ಈ ಜಾಲವನ್ನು 1941ರಲ್ಲಿ ಕಟ್ಟಿದವಳು ಆಂದ್ರೆ ಡಿ ಯೊಂಗ್. ವಯಸ್ಸು ಇಪ್ಪತ್ತನಾಲ್ಕು. ಆ ವರ್ಷ ಆಗಸ್ಟ್‌ನಲ್ಲಿ ಸ್ಕಾಟಿಷ್ ಸೈನಿಕನೊಬ್ಬನನ್ನೂ ಇಬ್ಬರು ಬೆಲ್ಜಿಯನ್ನರನ್ನೂ ಕರೆದುಕೊಂಡು ಬಿಲ್ಬಾವೊ ನಗರದ ಬ್ರಿಟಿಷ್ ಕಾನ್ಸುಲೇಟ್ ಬಾಗಿಲಿಗೆ ಬಂದು ನಿಂತಾಗ, ಈ ಹುಡುಗಿ ಬ್ರಸೆಲ್ಸ್‌ನಿಂದ ಬಂದಿದ್ದಾಳೆಂದು ಅಲ್ಲಿದ್ದವರಿಗೆ ನಂಬುವುದೇ ಕಷ್ಟವಾಯಿತು.

ಈ ಜಾಲವನ್ನು ಒಡೆಯಲು ಜರ್ಮನ್ನರು ಕಂಡುಕೊಂಡ ಉಪಾಯ ಸರಳ: ತಮ್ಮವರನ್ನೇ ಉರುಳಿದ ವಿಮಾನದ ಪೈಲಟ್‌ಗಳೆಂದು ಕಳಿಸುವುದು. 1942ರ ನವೆಂಬರ್‌ನಲ್ಲಿ ಬ್ರಸೆಲ್ಸ್‌ನ ಮಾರೆಶಾಲ್ ಕುಟುಂಬದ ಮನೆಗೆ ಇಬ್ಬರು ‘ಅಮೆರಿಕನ್’ ಅತಿಥಿಗಳು ಬಂದರು. ಮನೆಯೊಡತಿ ಹುಟ್ಟಿನಿಂದ ಇಂಗ್ಲೆಂಡಿನವಳು. ಊಟ ಬಡಿಸಿದಳು, ಮಾತಾಡಿಸುತ್ತಿದ್ದಂತೆ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. ಸ್ವಲ್ಪ ಅಡ್ಡಾಡಿ ಬರುತ್ತೇವೆಂದು ಹೊರಗೆ ಹೋದವರು ಮರಳಿದ್ದು ಪಿಸ್ತೂಲಿನೊಂದಿಗೆ. ಆ ಒಂದು ಮನೆಯಿಂದ ಎಳೆ ಹಿಡಿದು ಸುಮಾರು ನೂರು ಜನರನ್ನು ಬಂಧಿಸಲಾಯಿತು. ಮನೆಯ ಯಜಮಾನನಿಗೆ ಮರಣದಂಡನೆಯಾಯಿತು. ತಾಯಿ, ಮಗಳು ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆಶಿಬಿರ ಕಂಡು ಬದುಕಿ ಬಂದರು. ಆಂದ್ರೆ 1943ರ ಜನವರಿಯಲ್ಲಿ ಬೆಟ್ಟದ ತಪ್ಪಲಿನಲ್ಲಿ ಸಿಕ್ಕಿಬಿದ್ದಳು. ಜಾಲದ ಮುಖ್ಯಸ್ಥೆ ನಾನೇ ಎಂದು ಒಪ್ಪಿಕೊಂಡರೂ ವಿಚಾರಣೆ ಮಾಡಿದವರು ನಂಬಲಿಲ್ಲ. ಅಷ್ಟು ಹೊತ್ತಿಗೆ ನೂರಕ್ಕೂ ಹೆಚ್ಚು ಮಂದಿಯನ್ನು ಖುದ್ದಾಗಿ ಸ್ಪೇನ್‌ಗೆ ತಲುಪಿಸಿದ್ದಳು.

ಈ ಕಥೆಗೆ ಟಿ.ವಿ.ಯಲ್ಲಿ ನ್ಯಾಯ ಸಿಕ್ಕಿದ್ದು 1977ರಲ್ಲಿ. ಬಿಬಿಸಿಯ ‘ಸೀಕ್ರೆಟ್ ಆರ್ಮಿ’ ಬ್ರಸೆಲ್ಸ್‌ನ ಒಂದು ಉಪಾಹಾರ ಗೃಹವನ್ನು ಕೇಂದ್ರವಾಗಿಟ್ಟುಕೊಂಡು, ಕಾಮೆಟ್ ಮಾದರಿಯ ಜಾಲದ ಕಥೆ ಹೇಳಿತು. ಅದನ್ನು ರೂಪಿಸಿದ ಜೆರಾರ್ಡ್ ಗ್ಲೇಸ್ಟರ್ ಸ್ವತಃ ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯ (ಆರ್‌ಎಎಫ್) ಪೈಲಟ್. ಬಾಂಬರ್‌ಗಳು ಇಲ್ಲಿ ಬಹುತೇಕ ತೆರೆಯ ಮೇಲೆ ಬರುವುದೇ ಇಲ್ಲ, ಬರುವುದು ಅವುಗಳಿಂದ ಬಿದ್ದ ಹುಡುಗರು. ಹಿತ್ತಲ ಬಾಗಿಲಿಗೆ ಬಂದವನು ನಿಜವಾದ ಪೈಲಟ್ಟೋ ವೇಷಧಾರಿಯೋ ಎಂಬ ಪ್ರಶ್ನೆ ಧಾರಾವಾಹಿಯುದ್ದಕ್ಕೂ ಇದೆ. ಅದನ್ನೇ ಗೇಲಿ ಮಾಡಿ ಬಂದ ‘ಅಲೋ ಅಲೋ’ ಹಾಸ್ಯ ಧಾರಾವಾಹಿ ಮೂಲಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು.

ಮತ್ತೆ 100ನೇ ಗುಂಪು

2024ರ ಜನವರಿಯಲ್ಲಿ ಆ್ಯಪಲ್ ಟಿವಿ ಪ್ಲಸ್‌ನಲ್ಲಿ ಬಂದ ‘ಮಾಸ್ಟರ್ಸ್ ಆಫ್ ದಿ ಏರ್’ ಒಂಬತ್ತು ಕಂತುಗಳ ಸರಣಿ. ಸ್ಪೀಲ್‌ಬರ್ಗ್ ಮತ್ತು ಟಾಮ್ ಹ್ಯಾಂಕ್ಸ್ ನಿರ್ಮಾಪಕರಲ್ಲಿ ಪ್ರಮುಖರು. ಆಧಾರ ಡೊನಾಲ್ಡ್ ಮಿಲ್ಲರ್ ಅವರ ಚರಿತ್ರೆಯ ಪುಸ್ತಕ. ಕಥೆಯ ನಾಯಕರು ಬರ್ನ್ ಲೇ ಅಂದು ಜೊತೆಗೆ ಹಾರಿದ್ದ ಅದೇ 100ನೇ ಗುಂಪಿನವರು. 1943ರ ಅಕ್ಟೋಬರ್ 10ರಂದು ಮ್ಯೂನ್‌ಸ್ಟರ್ ದಾಳಿಗೆ ಹೋದ ಆ ಗುಂಪಿನ 13 ವಿಮಾನಗಳಲ್ಲಿ ಮರಳಿದ್ದು ಒಂದೇ ಒಂದು ಎಂಬ ಭೀಕರ ಸತ್ಯ ಇಲ್ಲಿ ಕಣ್ಣಿಗೆ ಕಟ್ಟುವಂತೆ ಬಂದಿದೆ. ಪೂರ್ಣಗಾತ್ರದ ಮಾದರಿ ವಿಮಾನಗಳು, ಸುತ್ತಲೂ ಎಲ್‌ಇಡಿ ಪರದೆ, ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲ ಇರುವುದರಿಂದ ಆಕಾಶವನ್ನು ಎಷ್ಟು ಹೊತ್ತು ಬೇಕಾದರೂ ತೋರಿಸಬಹುದಿತ್ತು.

ಆದರೂ ಗೂಢಚಾರ ಬಂದಿದ್ದಾನೆ. ಬೆಲ್ಜಿಯಂನಲ್ಲಿ ಇಳಿದ ಅಮೆರಿಕನ್ ಹುಡುಗರನ್ನು ಪ್ರತಿರೋಧ ದಳದವರು ಕೂರಿಸಿ ಪ್ರಶ್ನಿಸುತ್ತಾರೆ. ಅವರ ಜೊತೆಯಲ್ಲಿದ್ದ ‘ಬಾಬ್’ ಎಂಬಾತ ವೇಷಧಾರಿ ಎಂದು ಗೊತ್ತಾದೊಡನೆ ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಹೆಚ್ಚು ಮಾತಿಲ್ಲ, ಬೆನ್ನಟ್ಟುವಿಕೆಯಿಲ್ಲ. ಮಾರೆಶಾಲ್ ಮನೆಯ ಪ್ರಸಂಗ ಬಲ್ಲವರಿಗೆ ಆ ಅವಸರದ ಕ್ರೌರ್ಯ ಅತಿರೇಕವೆನಿಸದು. ಅರವತ್ತು ವರ್ಷಗಳಲ್ಲಿ ಗೂಢಚಾರನಿಗೆ ಕೊನೆಗೂ ಸರಿಯಾದ ವಿಳಾಸ ಸಿಕ್ಕಿದೆ.

ಇಂಥ ಧಾರಾವಾಹಿಗಳನ್ನು ಇಷ್ಟಪಡುವವರು ಒಂದು ಅಳತೆಗೋಲು ಇಟ್ಟುಕೊಳ್ಳಬಹುದು. ಗೂಢಚಾರ ಇಂಗ್ಲಿಷ್ ವಿಮಾನನೆಲೆಯ ಬೇಲಿಯ ಬಳಿ ಸುಳಿದಾಡುತ್ತಿದ್ದರೆ, ಅದು ಚಿತ್ರಕಥೆಗಾರನ ಅನುಕೂಲ. ಬ್ರಸೆಲ್ಸ್‌ನಲ್ಲೋ ಪ್ಯಾರಿಸ್‌ನಲ್ಲೋ ಊಟದ ಮೇಜಿನೆದುರು ಪೈಲಟ್‌ನ ವೇಷದಲ್ಲಿ ಕೂತಿದ್ದರೆ, ಅದು ಚರಿತ್ರೆ. ಮೊದಲನೆಯದನ್ನು ಮನರಂಜನೆಯಾಗಿ ನೋಡಿ. ಎರಡನೆಯದನ್ನು ನೋಡುವಾಗ, ಊಟ ಬಡಿಸಿದವರ ಪ್ರಾಣ ಪಣಕ್ಕಿತ್ತೆಂಬುದು ನೆನಪಿರಲಿ.