ಒಂದೇ ತಂತಿಯಲ್ಲಿ ಮಾತು, ಮಾಹಿತಿ

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ದೂರವಾಣಿಯೂ ಕಂಪ್ಯೂಟರೂ ಒಂದೇ ಜಾಲದಲ್ಲಿದ್ದರೆ ಮಾತನ್ನು ಕದ್ದು ಕೇಳಬಹುದೇ?

ಉತ್ತರ: ರಕ್ಷಣೆಯಿಲ್ಲದ ಜಾಲದಲ್ಲಿ ಖಂಡಿತ ಕೇಳಬಹುದು. ಹಳೆಯ ದೂರವಾಣಿಯನ್ನು ಕದ್ದಾಲಿಸುವವನು ತಾಮ್ರದ ತಂತಿಯ ಬಳಿಗೇ ಬರಬೇಕಿತ್ತು. ಇಂಟರ್ನೆಟ್ ದೂರವಾಣಿಯಲ್ಲಾದರೋ ಮಾತು ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಪ್ಯಾಕೆಟ್‌ಗಳಾಗಿ, ಅಂದರೆ ಅಂಕೆಗಳ ಸಣ್ಣ ಕಟ್ಟುಗಳಾಗಿ ಹರಿಯುವುದರಿಂದ, ಜಾಲದೊಳಕ್ಕೆ ನುಸುಳಿದ ಕಂಪ್ಯೂಟರೊಂದು ಅವುಗಳನ್ನು ಜೋಡಿಸಿ ಇಡೀ ಸಂಭಾಷಣೆಯನ್ನು ಮರಳಿ ಕೇಳಿಸಬಲ್ಲದು. ಆದುದರಿಂದ ಒಂದೇ ತಂತಿಯೊಳಗೆ ಮಾತಿಗೂ ಮಾಹಿತಿಗೂ ಬೇರೆ ಬೇರೆ ವಿಲ್ಯಾನ್‌ಗಳನ್ನು, ಅಂದರೆ ಪರಸ್ಪರ ಕಾಣದ ಒಳಜಾಲಗಳನ್ನು ರಚಿಸಲಾಗುತ್ತದೆ. ಆದರೆ 2004ರಲ್ಲಿ ಪ್ರಕಟವಾದ ಎಸ್‌ಆರ್‌ಟಿಪಿ ಎಂಬ ನಿಯಮಾವಳಿಯಂತೆ ಪ್ರತಿ ಪ್ಯಾಕೆಟ್ಟಿನ ಧ್ವನಿಯನ್ನೂ ಗೂಢಲಿಪಿಗೆ ಪರಿವರ್ತಿಸುವುದೇ ನಿಜವಾದ ಕಾವಲು, ಏಕೆಂದರೆ ಆಗ ವಿಲ್ಯಾನ್ ದಾಟಿ ಬಂದವನಿಗೂ ಅರ್ಥವಿಲ್ಲದ ಗದ್ದಲವಷ್ಟೇ ಸಿಗುತ್ತದೆ.

ಉದಾಹರಣೆಗೆ, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಾಲೇಜುಗಳೂ ಸೇರಿರುವಾಗ, ಕ್ಯಾಂಪಸ್ಸಿನೊಳಗೆ ಮಾತ್ರ ಕಾವಲಿಟ್ಟರೆ ಸಾಲದು. ವಾಡಿ ಅಥವಾ ಶಹಾಬಾದಿನ ವಿದ್ಯಾರ್ಥಿಯ ಅಂಕಗಳ ವಿವರವು ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ವಿಪಿಎನ್ ಎಂಬ ಗೂಢಲಿಪಿಯ ಮಾರ್ಗದಲ್ಲಿಯೇ ಸಾಗಬೇಕು. ಕಚೇರಿಯ ಪಾಸ್‌ವರ್ಡ್ ಮೇಜಿನ ಗಾಜಿನಡಿಯ ಚೀಟಿಯಲ್ಲಿರಬಾರದು. ದೂರವಾಣಿ ಉಪಕರಣದೊಡನೆ ಕಾರ್ಖಾನೆಯಿಂದಲೇ ಬಂದ ಪಾಸ್‌ವರ್ಡನ್ನು ಬದಲಿಸದಿದ್ದರಂತೂ, ಹೊರಗಿನವರು ಅದೇ ಸಂಪರ್ಕದಿಂದ ವಿದೇಶಗಳಿಗೆ ಕರೆಮಾಡಿ ಬಿಲ್ಲನ್ನು ಸಂಸ್ಥೆಯ ತಲೆಗೆ ಕಟ್ಟುವ ಅಪಾಯವೂ ಇದೆ.